ಕಲಿಕೆಯ ಹಾರಾಟದಲ್ಲಿ ಅಳಿದವರು: ಸಿಯೆರಾ ನೆವಾಡಾದ ಮೂರು ವಿಮಾನಗಳ ವೃತ್ತಾಂತ

ಯುದ್ಧದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಣರಂಗದಿಂದಲೇ ಆರಂಭಿಸುತ್ತಾರೆ. ಶತ್ರುವಿಗೆ ಎದುರಾಗಿ ಬಿದ್ದವನ ಹೆಸರು ಕಲ್ಲನ್ನೇರುತ್ತದೆ. ಕನ್ನಡ ನಾಡಿನ ಊರ ಬಾಗಿಲುಗಳಲ್ಲಿ ನಿಂತಿರುವ ವೀರಗಲ್ಲುಗಳು ಸಾರುವುದೂ ಇದನ್ನೇ. ಗರಡಿಯಲ್ಲಿ ಕತ್ತಿವರಸೆಯನ್ನು ಕಲಿಯುತ್ತಿದ್ದಾಗಲೇ ಸತ್ತವನನ್ನು ಆ ಕಲ್ಲುಗಳ ಸಾಲಿನಲ್ಲಿ ಹುಡುಕುವವರಿಲ್ಲ. ಆದರೆ ಎರಡನೆಯ ಮಹಾಯುದ್ಧದ ವೈಮಾನಿಕ ಚರಿತ್ರೆಯಲ್ಲಿ ಈ ಎರಡನೆಯ ಬಗೆಯ ಮೃತರ ಸಂಖ್ಯೆ ಅಲ್ಪವಾದುದಲ್ಲ. ೧೯೪೧ರ ಡಿಸೆಂಬರಿನಿಂದ ೧೯೪೫ರ ಆಗಸ್ಟಿನವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಭೂವಾಯುದಳವು ತನ್ನ ಸ್ವದೇಶದ ನೆಲದ ಮೇಲೆಯೇ, ಒಬ್ಬ ಶತ್ರುವೂ ಸಮೀಪದಲ್ಲಿಲ್ಲದಿದ್ದಾಗ, ೫೨ ಸಾವಿರಕ್ಕೂ ಮಿಕ್ಕ ವಿಮಾನಾಪಘಾತಗಳನ್ನು ಕಂಡಿತು. ಅವುಗಳಲ್ಲಿ ಮಡಿದವರು ಸುಮಾರು ೧೫ ಸಾವಿರ ಮಂದಿ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನಲ್ಲಿಯೂ ತರಬೇತಿಯ ಅಪಘಾತಗಳಲ್ಲಿ ೫ ಸಾವಿರಕ್ಕಿಂತ ಹೆಚ್ಚು ಜನ ಪ್ರಾಣ ನೀಗಿದರು.

ಈ ಸಾವುಗಳಲ್ಲಿ ಬಹುಪಾಲು ವಿಮಾನನಿಲ್ದಾಣದ ಸುತ್ತಮುತ್ತಲೇ ಸಂಭವಿಸಿದುವು. ಅಂದೇ ವರದಿಯಾಯಿತು, ಅಂದೇ ಶವ ದೊರೆಯಿತು, ಕಡತ ಮುಚ್ಚಿತು. ಕೆಲವು ವಿಮಾನಗಳು ಮಾತ್ರ ಜನವಿಲ್ಲದ ಪರ್ವತಗಳನ್ನು ಹೊಕ್ಕು ಮರೆಯಾದುವು. ಚರಿತ್ರೆಯ ಅಭ್ಯಾಸಿಗಳಿಗೆ ಇಂಥವು ವಿಶೇಷ ಗಮನಾರ್ಹವಾದುವು. ಏಕೆಂದರೆ ಇಲ್ಲಿ ಎರಡು ಬಗೆಯ ದಾಖಲೆಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ: ಸೇನೆಯ ಕಚೇರಿಯಲ್ಲಿ ಬರೆದಿಟ್ಟ ಕಾಗದ ಒಂದು, ಬೆಟ್ಟವು ತನ್ನ ಮಂಜಿನಲ್ಲಿಯೂ ನೀರಿನಲ್ಲಿಯೂ ಅಡಗಿಸಿಟ್ಟ ಸಾಕ್ಷ್ಯ ಇನ್ನೊಂದು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ೧೯೪೨ ಮತ್ತು ೧೯೪೩ರಲ್ಲಿ ಕಳೆದುಹೋದ ಮೂರು ವಿಮಾನಗಳ ವಿಷಯದಲ್ಲಿ ಈ ಎರಡು ದಾಖಲೆಗಳೂ ಒಂದೇ ಮಾತನ್ನು ಹೇಳಲಿಲ್ಲ. ಕಾಗದವನ್ನು ನಂಬಿ ಹುಡುಕಿದವರು ಬರಿಗೈಯಲ್ಲಿ ಹಿಂದಿರುಗಿದರು.

ಮೊದಲು ಆ ಪರ್ವತದ ಸ್ವರೂಪವನ್ನು ಅರಿಯಬೇಕು. ಸಹ್ಯಾದ್ರಿಯನ್ನು ಕಂಡವರಿಗೆ ಇದು ಕಷ್ಟವಲ್ಲ. ಸಹ್ಯಾದ್ರಿಯನ್ನು ಪೂರ್ವ ಪಶ್ಚಿಮವಾಗಿ ತಿರುಗಿಸಿಟ್ಟು, ಎತ್ತರವನ್ನು ಇಮ್ಮಡಿಗಿಂತ ಹೆಚ್ಚಿಸಿದರೆ ಸಿಯೆರಾ ನೆವಾಡಾದ ಆಕಾರ ದೊರೆಯುತ್ತದೆ. ಸಹ್ಯಾದ್ರಿಯು ಪಡುವಣಕ್ಕೆ ಕಡಿದಾಗಿ ಕೊಂಕಣಕ್ಕೆ ಇಳಿದು, ಮೂಡಣಕ್ಕೆ ಮೆಲ್ಲನೆ ಬಯಲುಸೀಮೆಯಾಗಿ ಹರಡುತ್ತದೆ. ಸಿಯೆರಾ ನೆವಾಡಾ ಪಡುವಣದಿಂದ ಮೆಲ್ಲನೆ ಏರುತ್ತ ಹೋಗಿ, ನೆತ್ತಿಯನ್ನು ಮುಟ್ಟಿದೊಡನೆ ಮೂಡಣ ಮಗ್ಗುಲಲ್ಲಿ ಓವೆನ್ಸ್ ಕಣಿವೆಗೆ ಸುಮಾರು ೧೦ ಸಾವಿರ ಅಡಿಗಳಷ್ಟು ಗೋಡೆಯಂತೆ ಧುಮುಕುತ್ತದೆ. ನಮ್ಮ ಮುಳ್ಳಯ್ಯನಗಿರಿ ೬,೩೦೦ ಅಡಿಗಳನ್ನು ಸ್ವಲ್ಪ ಮೀರಿದರೆ, ಅಲ್ಲಿಯ ಮೌಂಟ್ ವಿಟ್ನಿ ಶಿಖರ ೧೪,೫೦೦ ಅಡಿಗಳಷ್ಟು ಎತ್ತರವಿದೆ. ಉದ್ದ ೪೦೦ ಮೈಲಿ. ಈ ಶ್ರೇಣಿಯ ಪಡುವಣ ಬುಡದಲ್ಲಿ ಕ್ಯಾಲಿಫೋರ್ನಿಯಾದ ಮಹಾಕಣಿವೆ ಇದೆ. ಸಮತಟ್ಟಾದ ಆ ಹೊಲಗಳ ನಡುವೆ ಯುದ್ಧಕಾಲದಲ್ಲಿ ಸಾಲುಸಾಲಾಗಿ ವಿಮಾನಶಾಲೆಗಳು ಎದ್ದುವು. ಹವೆ ತಿಳಿ, ನೆಲ ಸಮ, ಮಳೆ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲವೆಂದು ಸೇನೆಯವರು ಎಣಿಸಿದುದು ಸಹಜವೇ. ಆದರೆ ಶಾಲೆಯ ಅಂಗಳದಿಂದ ಅರ್ಧಗಂಟೆಯ ಹಾರಾಟದ ದೂರದಲ್ಲಿಯೇ ಆ ಗೋಡೆ ನಿಂತಿದ್ದಿತು.

ಯುದ್ಧಕ್ಕೆ ಮುಂಚೆ ಅಮೆರಿಕದ ವಾಯುದಳವೆಂಬುದು ಒಂದು ಚಿಕ್ಕ ಸಂಸ್ಥೆ. ೧೯೩೯ರಿಂದ ೧೯೪೫ರ ವರೆಗೆ ಅದು ೧,೯೦,೦೦೦ಕ್ಕೂ ಹೆಚ್ಚು ಚಾಲಕರನ್ನೂ ಸುಮಾರು ೫೦,೦೦೦ ನ್ಯಾವಿಗೇಟರುಗಳನ್ನೂ ಸಿದ್ಧಗೊಳಿಸಬೇಕಾಯಿತು. ನ್ಯಾವಿಗೇಟರನೆಂದರೆ ವಿಮಾನದ ದಾರಿಯನ್ನು ನಿರ್ಣಯಿಸುವವನು. ನಿನ್ನೆ ಮೊನ್ನೆಯವರೆಗೆ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಕಾಲೇಜಿನಲ್ಲಿಯೋ ಇದ್ದ ಇಪ್ಪತ್ತೆರಡರ ತರುಣನನ್ನು ಕೆಲವೇ ತಿಂಗಳುಗಳಲ್ಲಿ ನಕ್ಷತ್ರ ನೋಡಿ ಸಮುದ್ರ ದಾಟುವವನನ್ನಾಗಿ ಮಾಡುವ ಕೆಲಸ ಅದು. ಇಷ್ಟು ಆತುರದಲ್ಲಿ ತಪ್ಪುಗಳು ಅನಿವಾರ್ಯವಾದುವೆಂದು ಹೇಳುವುದು ಸುಲಭ. ಆ ತಪ್ಪುಗಳ ಬೆಲೆಯನ್ನು ತೆತ್ತವರು ಆತುರಪಡಿಸಿದವರಲ್ಲವೆಂಬುದನ್ನೂ ಅದರೊಡನೆ ಹೇಳಬೇಕಾಗುತ್ತದೆ.

ಮಾರ್ಗನಿರ್ಣಯದ ಶಿಕ್ಷಣಕ್ಕೆಂದು ಸೇನೆಯು ಬೀಚ್ ಕಂಪನಿಯ ಎರಡು ಎಂಜಿನುಗಳ ಒಂದು ಸಣ್ಣ ವಿಮಾನವನ್ನು ಅಳವಡಿಸಿಕೊಂಡಿತ್ತು. ಅದರ ಸೈನಿಕ ಹೆಸರು ಎಟಿ-೭. ಒಳಗೆ ಮೂವರು ವಿದ್ಯಾರ್ಥಿಗಳಿಗೆ ಮೂರು ಮೇಜು, ನೆತ್ತಿಯಲ್ಲಿ ನಕ್ಷತ್ರ ವೀಕ್ಷಣೆಗೆ ಒಂದು ಗಾಜಿನ ಗುಮ್ಮಟ. ಹಾರುವ ಪಾಠಶಾಲೆಯೆಂದೇ ಅದನ್ನು ಕರೆಯಬಹುದು. ೧೯೪೨ರ ನವೆಂಬರ್ ೧೮ರಂದು ಇಂಥ ಒಂದು ವಿಮಾನವು ಸ್ಯಾಕ್ರಮೆಂಟೋ ನಗರದ ಬಳಿಯ ಮ್ಯಾಥರ್ ಫೀಲ್ಡಿನಿಂದ ಹೊರಟಿತು. ಚಾಲಕ ವಿಲಿಯಂ ಗ್ಯಾಂಬರ್; ವಿದ್ಯಾರ್ಥಿಗಳು ಜಾನ್ ಮಾರ್ಟೆನ್ಸನ್, ಅರ್ನೆಸ್ಟ್ ಗ್ಲೆನ್ ಮನ್ ಮತ್ತು ಲಿಯೋ ಮಸ್ಟೊನೆನ್. ಚಾಲಕನೂ ಸೇರಿ ನಾಲ್ವರೂ ಇಪ್ಪತ್ತರ ಹರೆಯದವರೇ. ಕಣಿವೆಯಗುಂಟ ಬಡಗಣಕ್ಕೆ ಕಾರ್ನಿಂಗ್ ಎಂಬ ಊರಿನವರೆಗೆ ಹೋಗಿ ಮರಳಬೇಕೆಂಬುದು ಅಂದಿನ ಪಾಠ. ಟ್ಯಾಂಕಿಯಲ್ಲಿ ಐದು ಗಂಟೆಗೆ ಸಾಲುವ ಇಂಧನವಿದ್ದಿತು. ವಿಮಾನ ಮರಳಲಿಲ್ಲ.

ಹುಡುಕಾಟ ವಾರಗಳ ಕಾಲ ನಡೆಯಿತು. ಹುಡುಕಿದವರ ಕೈಯಲ್ಲಿದ್ದ ಆಧಾರವೆಂದರೆ ಹಾರಾಟದ ಯೋಜನೆಯ ಕಾಗದ. ಅದು ಬಡಗಣ ದಿಕ್ಕನ್ನು ತೋರಿಸುತ್ತಿತ್ತು. ಐದು ವರ್ಷಗಳ ತರುವಾಯ, ೧೯೪೭ರ ಸೆಪ್ಟೆಂಬರಿನಲ್ಲಿ, ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಹಿಮನದಿಯೊಂದರ ಮೇಲೆ ಪರ್ವತಾರೋಹಿಗಳಿಗೆ ಅದರ ಚೂರುಗಳು ಸಿಕ್ಕುವು. ಆ ಸ್ಥಳವು ೧೩,೭೦೦ ಅಡಿ ಮೀರಿದ ಮೌಂಟ್ ಮೆಂಡೆಲ್ ಶಿಖರದ ಮಗ್ಗುಲಿನಲ್ಲಿದೆ. ಮ್ಯಾಥರ್ ಫೀಲ್ಡಿನಿಂದ ಸುಮಾರು ೧೭೦ ಮೈಲಿ ದೂರ, ಅದೂ ಆಗ್ನೇಯಕ್ಕೆ. ಕಾಗದವು ಹೇಳಿದ ದಿಕ್ಕಿಗೆ ಬಹುಮಟ್ಟಿಗೆ ಬೆನ್ನು ಮಾಡಿ ಆ ವಿಮಾನ ಹಾರಿದ್ದಿತು. ಏಕೆ ಹಾರಿತೆಂದು ಹೇಳಬಲ್ಲ ನಾಲ್ವರೂ ಅಲ್ಲಿಯೇ ಉಳಿದಿದ್ದರು.

೧೯೪೮ರಲ್ಲಿ ಸೇನೆಯ ತಂಡವೊಂದು ಮೇಲೇರಿತು. ಎಂಜಿನ್ನಿನ ಮೇಲಿನ ಸಂಖ್ಯೆಯ ಫಲಕ ದೊರೆತುದರಿಂದ ವಿಮಾನದ ಗುರುತು ನಿಶ್ಚಿತವಾಯಿತು. ಮನುಷ್ಯರ ಅವಶೇಷಗಳು ಸಿಕ್ಕಿದುದು ತೀರ ಅಲ್ಪ. ಯಾರವೆಂದು ಬೇರ್ಪಡಿಸಲು ಬಾರದಂಥವು. ಅವನ್ನೇ ಒಂದು ಪೆಟ್ಟಿಗೆಯಲ್ಲಿರಿಸಿ, ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಸ್ಯಾನ್ ಬ್ರೂನೋ ಊರಿನ ಗೋಲ್ಡನ್ ಗೇಟ್ ರಾಷ್ಟ್ರೀಯ ಸ್ಮಶಾನದಲ್ಲಿ ನಾಲ್ವರ ಹೆಸರಿನಲ್ಲಿಯೂ ಒಂದೇ ಸಮಾಧಿಯನ್ನು ಮಾಡಲಾಯಿತು. ಸರ್ಕಾರದ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು.

ಇದರ ನಡುವೆ, ಅದೇ ಪರ್ವತದಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ ಇನ್ನೊಂದು ದುರಂತ ನಡೆದುಹೋಗಿತ್ತು. ೧೯೪೩ರ ಡಿಸೆಂಬರ್ ೫ರ ರಾತ್ರಿ ಫ್ರೆಸ್ನೋ ನಗರದ ಹ್ಯಾಮರ್ ಫೀಲ್ಡಿನಿಂದ ಬಿ-೨೪ ಲಿಬರೇಟರ್ ಜಾತಿಯ ಬಾಂಬರ್ ವಿಮಾನವೊಂದು ರಾತ್ರಿಯ ಹಾರಾಟದ ಅಭ್ಯಾಸಕ್ಕಾಗಿ ಹೊರಟಿತು. ನಾಲ್ಕು ಎಂಜಿನು, ೧೧೦ ಅಡಿ ರೆಕ್ಕೆಯ ಈ ಭಾರಿ ವಿಮಾನ ಕರ್ನಾಟಕಕ್ಕೆ ಅಪರಿಚಿತವಲ್ಲ. ಯುದ್ಧದ ಕೊನೆಯ ವರ್ಷಗಳಲ್ಲಿ ಕೋಲಾರದ ಬಯಲಿನಲ್ಲಿ ರಾಯಲ್ ಏರ್‌ಫೋರ್ಸಿನವರು ಇದೇ ಲಿಬರೇಟರಿನ ಶಿಕ್ಷಣವನ್ನು ಕೊಡುತ್ತಿದ್ದರು. ೧೯೪೪ರ ನವೆಂಬರಿನಲ್ಲಿ ಅವರ ೩೫೮ನೆಯ ಸ್ಕ್ವಾಡ್ರನ್ ಅಲ್ಲಿಯೇ ರೂಪುಗೊಂಡಿತು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ೧೯೪೮ರಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಸರಿಪಡಿಸಿ ಭಾರತೀಯ ವಾಯುಪಡೆಗೆ ಒಪ್ಪಿಸಿದರು. ೧೯೬೮ರವರೆಗೆ ಅವು ಸೇವೆಯಲ್ಲಿದ್ದುವು.

ಫ್ರೆಸ್ನೋದಿಂದ ಹೊರಟ ಆ ವಿಮಾನದಲ್ಲಿ ಆರು ಮಂದಿ ಇದ್ದರು. ಚಾಲಕ ವಿಲಿಸ್ ಟರ್ವಿ, ಸಹಚಾಲಕ ರಾಬರ್ಟ್ ಹೆಸ್ಟರ್. ತೆಂಕಣಕ್ಕೆ ಬೇಕರ್ಸ್‌ಫೀಲ್ಡ್, ಅಲ್ಲಿಂದ ಮೂಡಣಕ್ಕೆ ಆರಿಝೋನಾದ ಟೂಸಾನ್, ಮತ್ತೆ ಮನೆಗೆ: ಇದು ಯೋಜನೆ. ಬೆಳಗಾದರೂ ವಿಮಾನ ಬಾರದಿದ್ದಾಗ ಮರುದಿನ ಒಂಬತ್ತು ಲಿಬರೇಟರುಗಳನ್ನು ಹುಡುಕಲು ಕಳುಹಿಸಿದರು. ಹುಡುಕಹೋದ ಈ ಒಂಬತ್ತರಲ್ಲಿ ಒಂದು ತಾನೇ ಕಣ್ಮರೆಯಾಯಿತು.

ಅದರ ಚಾಲಕ ಕ್ಯಾಪ್ಟನ್ ವಿಲಿಯಂ ಡಾರ್ಡನ್. ಪರ್ವತದ ಮೇಲಣ ಬಿರುಗಾಳಿಯ ಹೊಡೆತಕ್ಕೆ ವಿಮಾನ ಸಿಕ್ಕಿತು. ಹೈಡ್ರಾಲಿಕ್ ಯಂತ್ರಾಂಗ ಕೆಟ್ಟಿತು. ಧುಮುಕಬಹುದೆಂದು ಡಾರ್ಡನ್ ಹೇಳಲು, ಇಬ್ಬರು ಪ್ಯಾರಾಚೂಟಿನಿಂದ ಹಾರಿಕೊಂಡು ಬದುಕಿದರು. ಉಳಿದ ಆರು ಮಂದಿಯೊಡನೆ ವಿಮಾನವು ಹಂಟಿಂಗ್‌ಟನ್ ಸರೋವರವನ್ನು ಸೇರಿತು. ಮಂಜು ಮುಚ್ಚಿದ ಸರೋವರವನ್ನು ಬಯಲೆಂದು ಭ್ರಮಿಸಿ ಡಾರ್ಡನ್ ಅಲ್ಲಿ ಇಳಿಸಲು ಯತ್ನಿಸಿರಬೇಕೆಂದು ತಿಳಿಯಲಾಗಿದೆ. ಆ ಸರೋವರವು ಪ್ರಾಕೃತಿಕವಾದುದಲ್ಲ, ವಿದ್ಯುದುತ್ಪಾದನೆಗಾಗಿ ಕಟ್ಟಿದ ಅಣೆಕಟ್ಟಿನ ಹಿನ್ನೀರು. ೧೯೫೫ರಲ್ಲಿ ಅಣೆಕಟ್ಟಿನ ದುರಸ್ತಿಗೆಂದು ನೀರನ್ನು ಇಳಿಸಿದಾಗ, ೧೯೦ ಅಡಿ ಆಳದಲ್ಲಿ ಮಲಗಿದ್ದ ವಿಮಾನ ಪತ್ತೆಯಾಯಿತು. ಅದರೊಳಗೆ ಐವರು ತಮ್ಮ ತಮ್ಮ ಕಾರ್ಯಸ್ಥಾನಗಳಲ್ಲಿಯೇ ಇದ್ದರು. ಅವರನ್ನು ಹುಡುಕುವ ಉದ್ದೇಶದಿಂದ ಯಾರೂ ನೀರನ್ನು ಬಸಿದಿರಲಿಲ್ಲ; ಗಾರೆ ಕಲ್ಲುಗಳ ದುರಸ್ತಿಗೆ ಬಂದವರಿಗೆ ಹನ್ನೆರಡು ವರ್ಷಗಳ ಹಿಂದಿನ ಸಾವು ದೊರೆಯಿತು.

ಟರ್ವಿಯ ವಿಮಾನ ಮಾತ್ರ ಸಿಕ್ಕಲಿಲ್ಲ. ಸೇನೆಯು ಕೆಲವು ಕಾಲ ಹುಡುಕಿ ಕೈಬಿಟ್ಟಿತು. ಯುದ್ಧ ನಡೆಯುತ್ತಿತ್ತು, ವಿಮಾನಗಳು ದಿನವೂ ಬೀಳುತ್ತಿದ್ದುವು, ಸಂಶಯವಿಲ್ಲದೆ ಸತ್ತಿರುವ ಆರು ಜನರಿಗಾಗಿ ಬದುಕಿರುವವರನ್ನು ಮತ್ತೆ ಬೆಟ್ಟಕ್ಕೆ ಕಳುಹಿಸುವುದು ಯುಕ್ತವಲ್ಲವೆಂದು ಅಧಿಕಾರಿಗಳು ಬಗೆದಿದ್ದರೆ ಅದನ್ನು ನಿಷ್ಕರುಣೆಯೆನ್ನಲು ಬರುವುದಿಲ್ಲ. ಆದರೆ ಸಹಚಾಲಕನ ತಂದೆ ಕ್ಲಿಂಟನ್ ಹೆಸ್ಟರ್ ಕೈಬಿಡಲಿಲ್ಲ. ಆತ ಸೈನಿಕನೂ ಅಲ್ಲ, ವೃತ್ತಿಯಿಂದ ಶೋಧಕನೂ ಅಲ್ಲ. ಸಿಯೆರಾದ ಎತ್ತರದ ಪ್ರದೇಶಗಳಲ್ಲಿ ಮಂಜು ಕರಗಿ ದಾರಿ ತೆರೆಯುವುದು ಬೇಸಗೆಯ ಕೆಲವೇ ವಾರಗಳು. ಆ ಅಲ್ಪಾವಧಿಗಳನ್ನು ನೆಚ್ಚಿಕೊಂಡು ಹದಿನಾಲ್ಕು ವರ್ಷಗಳ ಕಾಲ ಆತ ಮಗನಿದ್ದ ಬೆಟ್ಟಗಳನ್ನು ಅರಸಿದನು. ೧೯೫೯ರಲ್ಲಿ ಹೃದಯಾಘಾತದಿಂದ ತೀರಿಕೊಂಡನು.

ಮರುವರ್ಷ, ೧೯೬೦ರ ಜುಲೈ ತಿಂಗಳಲ್ಲಿ, ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಕಿಂಗ್ಸ್ ಕ್ಯಾನಿಯನ್ ಉದ್ಯಾನದ ಲೆಕಾಂಟ್ ಕಮರಿಯ ಪಡುವಣ ಮಗ್ಗುಲಲ್ಲಿ ಕಲ್ಲುಗಳನ್ನು ಪರೀಕ್ಷಿಸುತ್ತ ಹೋಗುತ್ತಿದ್ದರು. ಹೆಸರಿಲ್ಲದ ಒಂದು ಸರೋವರದ ದಡದಲ್ಲಿಯೂ ನೀರಿನಲ್ಲಿಯೂ ವಿಮಾನದ ಲೋಹದ ಚೂರುಗಳು ಅವರ ಕಣ್ಣಿಗೆ ಬಿದ್ದುವು. ಸೇನೆಯ ಮುಳುಗಾಳುಗಳು ಬಂದು ಪರಿಶೀಲಿಸಿ, ಅದು ಟರ್ವಿಯ ಲಿಬರೇಟರೆಂದು ಸ್ಥಿರಪಡಿಸಿದರು. ಕೆಲವರ ಅವಶೇಷಗಳೂ ದೊರೆತುವು. ಈಗ ಆ ಸರೋವರಕ್ಕೆ ಸಹಚಾಲಕನ ನೆನಪಿಗಾಗಿ ಹೆಸ್ಟರ್ ಸರೋವರವೆಂದು ಹೆಸರು. ಹದಿನಾಲ್ಕು ವರ್ಷ ಹುಡುಕಿದವನಿಗೆ ಕಾಣದೆ, ಹುಡುಕದೆ ಬಂದವರಿಗೆ ಅದು ಕಂಡಿತು. ಒಂದೇ ಒಂದು ವರ್ಷದ ಅಂತರ.

ಈ ತಂದೆಯ ಸೋಲಿಗೆ ಕಾರಣವನ್ನು ವಿಧಿಯ ಮೇಲೆ ಹೊರಿಸಿ ಸುಮ್ಮನಾಗುವುದು ಚರಿತ್ರೆಕಾರನಿಗೆ ಸಲ್ಲದು. ಹೆಸ್ಟರ್ ಸರೋವರವು ಫ್ರೆಸ್ನೋ ನಗರಕ್ಕೆ ಮೂಡಣದಲ್ಲಿ, ಕೊಂಚ ಬಡಗಣಕ್ಕೆ ವಾಲಿ, ಸುಮಾರು ೭೦ ಮೈಲಿ ದೂರದಲ್ಲಿದೆ. ಯೋಜನೆಯ ಹಾದಿಯೋ ತೆಂಕಣದ್ದು. ವಿಮಾನವು ತನ್ನ ಹಾದಿಯಿಂದ ಇಷ್ಟು ದೂರ ಸರಿಯಲು ಹೇಗೆ ಸಾಧ್ಯ? ಇದನ್ನು ತಿಳಿಯಲು ಅಂದಿನ ಮಾರ್ಗನಿರ್ಣಯದ ಕ್ರಮವನ್ನು ನೋಡಬೇಕು. ರಾತ್ರಿ ನೆಲ ಕಾಣದಿದ್ದಾಗ, ಮೋಡದಿಂದ ನಕ್ಷತ್ರವೂ ಕಾಣದಿದ್ದಾಗ, ನ್ಯಾವಿಗೇಟರನು ಮಾಡುವುದು ಒಂದು ಲೆಕ್ಕ: ಇಂಥ ದಿಕ್ಕಿನಲ್ಲಿ, ಇಂಥ ವೇಗದಲ್ಲಿ, ಇಷ್ಟು ನಿಮಿಷ ಹಾರಿದ್ದೇವೆ, ಆದುದರಿಂದ ಇಂಥಲ್ಲಿ ಇದ್ದೇವೆ. ಈ ಲೆಕ್ಕದಲ್ಲಿ ಗಾಳಿಯ ಬಲವನ್ನು ಊಹಿಸಿ ಸೇರಿಸಬೇಕು. ಅಡ್ಡಗಾಳಿಯು ಗಂಟೆಗೆ ಇಪ್ಪತ್ತು ಮೈಲಿಯೆಂದು ಊಹಿಸಿ, ಅದು ನಿಜವಾಗಿ ಎಂಬತ್ತು ಮೈಲಿಯಾಗಿದ್ದರೆ, ಒಂದು ಗಂಟೆಯ ಕೊನೆಗೆ ವಿಮಾನವು ನಕ್ಷೆಯ ಮೇಲಣ ತನ್ನ ಗುರುತಿನಿಂದ ಅರುವತ್ತು ಮೈಲಿ ದೂರ ಸರಿದಿರುತ್ತದೆ. ಒಳಗಿನವರಿಗೆ ಅದರ ಅರಿವೇ ಆಗಿರುವುದಿಲ್ಲ. ಎತ್ತರದ ಪಡುವಣ ಗಾಳಿಗಳ ವೇಗವನ್ನು ೧೯೪೩ರಲ್ಲಿ ಸಾಮಾನ್ಯ ವೈಮಾನಿಕರು ಅರಿತಿರಲಿಲ್ಲ. ಜಪಾನಿನ ಮೇಲೆ ಅತ್ಯುನ್ನತದಲ್ಲಿ ಹಾರಿದ ಅಮೆರಿಕದ ಬಾಂಬರುಗಳಿಗೆ ೧೯೪೪ರ ಕೊನೆಯಲ್ಲಿ ಆ ಮಹಾವಾಯುಪ್ರವಾಹವು ಎದುರಾದಾಗಲೇ ಅದರ ಮಹತ್ವ ಸೇನೆಗೆ ಪೂರ್ಣವಾಗಿ ಮನದಟ್ಟಾದುದು. ಪಡುವಣ ಗಾಳಿ ಲಿಬರೇಟರನ್ನು ಮೂಡಣಕ್ಕೆ, ಎಂದರೆ ಶಿಖರಗಳ ಕಡೆಗೆ ತಳ್ಳಿರಬೇಕು. ಕಣಿವೆಯ ಮೇಲಿದ್ದೇವೆಂದು ನಂಬಿ ಎತ್ತರ ಇಳಿಸಿದವರಿಗೆ ಕತ್ತಲಲ್ಲಿ ಕಂಡುದು ಗೋಡೆ.

ಸಿಯೆರಾದ ಗಾಳಿಯಲ್ಲಿ ಇನ್ನೊಂದು ವಿಶೇಷವಿದೆ. ನದಿಯ ನೀರು ಬಂಡೆಯ ಮೇಲೆ ಹಾಯ್ದು ಆಚೆ ಧುಮುಕಿದ ಮೇಲೆ ಮತ್ತೆ ಪುಟಿದೇಳುವಂತೆ, ಪಡುವಣದಿಂದ ಏರಿಬಂದ ಗಾಳಿಯು ನೆತ್ತಿಯನ್ನು ದಾಟಿದೊಡನೆ ಓವೆನ್ಸ್ ಕಣಿವೆಗೆ ಧುಮುಕಿ, ಮತ್ತೆ ಬಹಳ ಎತ್ತರಕ್ಕೆ ಪುಟಿಯುತ್ತದೆ. ಅಲೆಯ ಅಡಿಯಲ್ಲಿ, ಮಡುವಿನ ಸುಳಿಯಂತೆ, ಗಾಳಿಯೂ ಬುಗುರಿಯಾಗಿ ಸುತ್ತುತ್ತದೆ. ಧುಮುಕುವ ಗಾಳಿಗೆ ಸಿಕ್ಕ ವಿಮಾನ ಎಂಜಿನ್ನಿನ ಪೂರ್ಣಬಲವನ್ನು ಬಳಸಿದರೂ ಕೆಳಗಿಳಿಯುತ್ತಲೇ ಇರುತ್ತದೆ. ಈ ಸಂಗತಿಯನ್ನು ಶಾಸ್ತ್ರೀಯವಾಗಿ ಅಳೆದುದು ಯುದ್ಧ ಮುಗಿದ ಮೇಲೆ, ೧೯೫೧ ಮತ್ತು ೧೯೫೨ರಲ್ಲಿ. ಬಿಷಪ್ ಎಂಬ ಊರನ್ನು ನೆಲೆಯಾಗಿಸಿಕೊಂಡು, ಯೋಆಖಿಮ್ ಕ್ಯುಟ್ನರ್ ಮೊದಲಾದ ವಿಜ್ಞಾನಿಗಳು ಎಂಜಿನ್ ಇಲ್ಲದ ಗ್ಲೈಡರುಗಳನ್ನು ಆ ಅಲೆಯ ಮೇಲೆ ಹತ್ತಿಸಿದರು. ೧೯೫೨ರ ಮಾರ್ಚಿನಲ್ಲಿ ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ ಎಂಬಿಬ್ಬರು ೪೪ ಸಾವಿರ ಅಡಿಗಳನ್ನು ಮೀರಿ ಏರಿ ದಾಖಲೆ ನಿರ್ಮಿಸಿದರು. ಎಂಜಿನ್ನಿಲ್ಲದ ಹಲಗೆಯೊಂದನ್ನು ಅಷ್ಟೆತ್ತರಕ್ಕೆ ಎತ್ತಿದುದು ಬರಿಯ ಗಾಳಿ. ಅದೇ ಎಡ್ಗರನ ಗ್ಲೈಡರನ್ನು ೧೯೫೫ರ ಏಪ್ರಿಲಿನಲ್ಲಿ ಅಲೆಯ ಅಡಿಯ ಸುಳಿಯು ನಡುಗಾಳಿಯಲ್ಲಿ ಚೂರುಚೂರು ಮಾಡಿತು. ಆತ ಪ್ಯಾರಾಚೂಟಿನಿಂದ ಉಳಿದನು. ಮ್ಯಾಥರ್ ಮತ್ತು ಹ್ಯಾಮರ್ ಫೀಲ್ಡುಗಳ ತರುಣರಿಗೆ ಯಾವ ಪಾಠದಲ್ಲಿಯೂ ಇಲ್ಲದಿದ್ದ ಸಂಗತಿ ಇದು. ಅವರ ಗುರುಗಳಿಗೂ ಅದು ತಿಳಿದಿರಲಿಲ್ಲವೆಂಬುದನ್ನು ಮರೆಯದೆ ಅವರ ತಪ್ಪುಗಳನ್ನು ತೂಗಬೇಕು.

ಪರ್ವತದ ಸಾವು ಅಮೆರಿಕಕ್ಕೆ ಮಾತ್ರ ಮೀಸಲಾದುದಲ್ಲ. ಬ್ರಿಟನ್ನಿನ ಬೆಟ್ಟಗಳು ಎತ್ತರದಲ್ಲಿ ಸಹ್ಯಾದ್ರಿಗೂ ಸಮವಲ್ಲ, ಆದರೂ ಮಂಜು ಮತ್ತು ಮೋಡಗಳ ನಡುವೆ ಅವು ನೂರಾರು ವಿಮಾನಗಳನ್ನು ಬಲಿ ತೆಗೆದುಕೊಂಡುವು. ೧೯೪೧ರ ಏಪ್ರಿಲ್ ೧೩ರಂದು ಸ್ಕಾಟ್ಲೆಂಡಿನ ಕಿನ್‌ಲಾಸ್ ನೆಲೆಯಿಂದ ಮಾರ್ಗನಿರ್ಣಯದ ಅಭ್ಯಾಸಕ್ಕೆ ಹೊರಟ ಆನ್ಸನ್ ವಿಮಾನವೊಂದು ೩,೨೭೩ ಅಡಿ ಎತ್ತರದ ಬೆನ್ ಮೋರ್ ಆಸಿಂಟ್ ಬೆಟ್ಟದಲ್ಲಿ ಬಿದ್ದಿತು. ಆರು ವಾರ ಯಾರಿಗೂ ಅದರ ಸುಳಿವಿಲ್ಲ. ಮೇ ೨೫ರಂದು ಅದು ಪತ್ತೆಯಾದಾಗ, ಆ ದುರ್ಗಮ ಸ್ಥಳದಿಂದ ಶವಗಳನ್ನು ಕೆಳಗಿಳಿಸಲಾಗದೆ, ಆರು ಜನರನ್ನೂ ಬಿದ್ದಲ್ಲಿಯೇ ಹೂಳಿ ಕಲ್ಲು ಪೇರಿಸಿದರು. ೨೦೧೩ರಲ್ಲಿ ಸುಮಾರು ೬೦೦ ಕಿಲೋಗ್ರಾಂ ತೂಕದ ಹೊಸ ಗ್ರಾನೈಟ್ ಸ್ಮಾರಕವನ್ನು ಹೆಲಿಕಾಪ್ಟರಿನಿಂದ ಅಲ್ಲಿಗೆ ಸಾಗಿಸಲಾಯಿತು. ಇಂಥ ಅಪಘಾತಗಳೇ ಬ್ರಿಟನ್ನಿನಲ್ಲಿ ಒಂದು ಹೊಸ ಸಂಸ್ಥೆಗೆ ಜನ್ಮವಿತ್ತುವು. ಉತ್ತರ ವೇಲ್ಸಿನ ಲ್ಯಾಂಡ್‌ರೋಗ್ ನೆಲೆಯ ವೈದ್ಯಾಧಿಕಾರಿ ಜಾರ್ಜ್ ಗ್ರಹಾಂ ಎಂಬಾತ, ಬಿದ್ದ ವಿಮಾನದಲ್ಲಿ ಇನ್ನೂ ಜೀವವಿದ್ದವರು ಬೆಟ್ಟದ ಚಳಿಯಲ್ಲಿ ಸಾಯುವುದನ್ನು ಸಹಿಸದೆ, ಬೆಟ್ಟ ಹತ್ತಬಲ್ಲ ಸ್ವಯಂಸೇವಕರ ತಂಡವೊಂದನ್ನು ಕಟ್ಟಿದನು. ೧೯೪೩ರಲ್ಲಿ ರಾಯಲ್ ಏರ್‌ಫೋರ್ಸ್ ಅದನ್ನು ಅಧಿಕೃತವಾಗಿ ಅಂಗೀಕರಿಸಿತು. ಆತ ಹುಡುಕಾಟವನ್ನು ಕಾಗದದ ಹಾದಿಯಿಂದ ಬಿಡಿಸಿ ಬೆಟ್ಟವನ್ನು ಬಲ್ಲವರ ಕೈಗೆ ಒಪ್ಪಿಸಿದನು. ಗ್ರಹಾಮನ ಮುಖ್ಯವಾದ ಕೊಡುಗೆ ಇದೇ.

ಇನ್ನು ಮೆಂಡೆಲ್ ಹಿಮನದಿಗೆ ಹಿಂದಿರುಗಬಹುದು. ೨೦೦೫ರ ಅಕ್ಟೋಬರ್ ೧೬ರಂದು ಹಿಮಾರೋಹಣಕ್ಕೆ ಬಂದಿದ್ದ ಇಬ್ಬರಿಗೆ ಮಂಜುಗಡ್ಡೆಯಿಂದ ಹೊರಚಾಚಿದ ಮನುಷ್ಯದೇಹವೊಂದು ಕಾಣಿಸಿತು. ಬೆನ್ನಿಗೆ ಬಿಚ್ಚದ ಪ್ಯಾರಾಚೂಟ್ ಕಟ್ಟಿದ್ದಿತು. ಉದ್ಯಾನದ ಕಾವಲುಗಾರರು ಸುತ್ತಣ ಮಂಜಿನೊಡನೆಯೇ ಅದನ್ನು ಕೊರೆದು ತೆಗೆದರು. ಜೇಬುಗಳಲ್ಲಿ ಒಂದು ಬಾಚಣಿಗೆ, ಒಂದು ಲೇಖನಿ, ಕೆಲವು ಚಿಲ್ಲರೆ ನಾಣ್ಯಗಳು. ೧೯೪೨ಕ್ಕಿಂತ ಈಚಿನ ಮುದ್ರೆಯುಳ್ಳ ನಾಣ್ಯ ಒಂದೂ ಇರಲಿಲ್ಲ.

ಹಿಮನದಿಯು ಹೆಸರಿಗೆ ತಕ್ಕಂತೆ ನದಿಯೇ. ಅದು ತನ್ನೊಳಗೆ ಬಿದ್ದುದನ್ನು ಹೂತು, ವರ್ಷಕ್ಕೆ ಕೆಲವು ಅಡಿಗಳಂತೆ ಕೆಳಗೆ ಸಾಗಿಸುತ್ತ, ಕರಗುವ ಅಂಚಿನಲ್ಲಿ ಮರಳಿ ಕೊಡುತ್ತದೆ. ಬಿಸಿ ಹೆಚ್ಚಿದ ವರ್ಷಗಳಲ್ಲಿ ಆ ಕೊಡುವಿಕೆ ಬೇಗನೆ ಆಗುತ್ತದೆ. ಭಾರತದಲ್ಲಿಯೂ ಇದಕ್ಕೆ ಸಾಕ್ಷ್ಯವಿದೆ. ೧೯೬೮ರ ಫೆಬ್ರವರಿ ೭ರಂದು ಭಾರತೀಯ ವಾಯುಪಡೆಯ ಎಎನ್-೧೨ ಸಾರಿಗೆ ವಿಮಾನವು ೧೦೨ ಮಂದಿಯೊಡನೆ ಹಿಮಾಚಲದ ಲಾಹೌಲ್ ಪ್ರದೇಶದಲ್ಲಿ ಕಣ್ಮರೆಯಾಗಿತ್ತು. ಅದು ಯುದ್ಧದ ಹಾರಾಟವಲ್ಲ, ತರಬೇತಿಯದೂ ಅಲ್ಲ. ಆದರೆ ಮೂವತ್ತೈದು ವರ್ಷಗಳ ಮೇಲೆ, ೨೦೦೩ರಲ್ಲಿ, ಪರ್ವತಾರೋಹಿಗಳಿಗೆ ಹಿಮನದಿಯ ಮೇಲೆ ಅದರ ಅವಶೇಷಗಳು ದೊರೆತುವು. ೨೦೨೪ರಲ್ಲಿ ಮತ್ತೆ ನಾಲ್ವರ ದೇಹಗಳು ಹೊರಬಂದುವು. ಐವತ್ತಾರು ವರ್ಷಗಳ ಅನಂತರ ಊರಿಗೆ ಮರಳಿದ ಮಗನನ್ನು ಎದುರುಗೊಳ್ಳಲು ತಂದೆತಾಯಿಗಳಿರುವುದಿಲ್ಲ.

ಮೆಂಡೆಲ್ಲಿನ ದೇಹ ಯಾರದು? ಹವಾಯಿ ದ್ವೀಪದಲ್ಲಿರುವ ಸೇನೆಯ ಪ್ರಯೋಗಶಾಲೆಯವರು ತಿಂಗಳುಗಳ ಕಾಲ ಪರೀಕ್ಷಿಸಿ, ಅದು ಲಿಯೋ ಮಸ್ಟೊನೆನ್ ಎಂಬ ವಿದ್ಯಾರ್ಥಿಯದೆಂದು ೨೦೦೬ರಲ್ಲಿ ನಿರ್ಣಯಿಸಿದರು. ಫಿನ್ಲೆಂಡಿನಿಂದ ವಲಸೆ ಬಂದ ದಂಪತಿಗಳ ಮಗ ಅವನು. ಮಿನೆಸೋಟಾ ಸಂಸ್ಥಾನದ ಬ್ರೇನರ್ಡ್ ಎಂಬ ಅವನ ಊರಿನಲ್ಲಿ ಅಂತ್ಯಸಂಸ್ಕಾರ ನಡೆಯಿತು. ಆ ವೇಳೆಗೆ ಅವನ ತಂದೆತಾಯಿಗಳೂ ಸೋದರನೂ ಗತಿಸಿದ್ದರು. ಈ ಸುದ್ದಿಯಿಂದ ಪ್ರೇರಿತನಾಗಿ ಪೀಟರ್ ಸ್ಟೆಕೆಲ್ ಎಂಬ ಲೇಖಕನು ಅಪಘಾತದ ಕಡತಗಳನ್ನು ಶೋಧಿಸಿದನು. ಅಷ್ಟಕ್ಕೆ ತೃಪ್ತನಾಗದೆ ೨೦೦೭ರ ಆಗಸ್ಟಿನಲ್ಲಿ ಹಿಮನದಿಯನ್ನೇ ಏರಿದನು. ಮೊದಲ ದೇಹ ಸಿಕ್ಕಿದ ಸ್ಥಳಕ್ಕೆ ಸಮೀಪದಲ್ಲಿಯೇ ಎರಡನೆಯ ದೇಹವನ್ನು ಕಂಡನು. ಕಡತಗಳನ್ನು ಓದಿದವನು ಅವುಗಳ ಬಳಿಯಲ್ಲಿಯೇ ಕುಳಿತಿದ್ದರೆ ಆ ದೇಹ ಇನ್ನೆಷ್ಟು ಕಾಲ ಅಲ್ಲಿರುತ್ತಿತ್ತೋ. ಅದು ಅರ್ನೆಸ್ಟ್ ಗ್ಲೆನ್ ಮನ್‌ನದೆಂದು ೨೦೦೮ರಲ್ಲಿ ತಿಳಿದುಬಂದಿತು. ಅವನ ಸೋದರಿಯರು ಬದುಕಿದ್ದರು, ಅವರ ಡಿ.ಎನ್.ಎ. ಅಂಶವು ಗುರುತಿಗೆ ನೆರವಾಯಿತು. ಒಹಾಯೋ ಸಂಸ್ಥಾನದ ತನ್ನ ಊರಿಗೆ ಅವನು ಆರು ದಶಕ ಮೀರಿದ ಮೇಲೆ ಮರಳಿದನು.

ಇಲ್ಲಿ ೧೯೪೮ರ ಸಮಾಧಿಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ನಾಲ್ವರೂ ಇಲ್ಲಿದ್ದಾರೆಂದು ಸ್ಯಾನ್ ಬ್ರೂನೋದ ಕಲ್ಲು ಸಾರಿತ್ತು. ಹಾಗೆ ಸಾರಿದ ಕಾಲದಲ್ಲಿ ಅವರಲ್ಲ್ಲಿ ಇಬ್ಬರಾದರೂ, ಉಡುಪು ಪ್ಯಾರಾಚೂಟುಗಳೊಡನೆ, ಮೆಂಡೆಲ್ಲಿನ ಮಂಜಿನೊಳಗೆ ಮಲಗಿದ್ದರು. ಕಲ್ಲು ಕೆತ್ತಿಸಿದವರಲ್ಲಿ ವಂಚನೆ ಇರಲಿಲ್ಲ. ಮನೆಯವರಿಗೆ ಒಂದು ಸ್ಥಳವನ್ನು ತೋರಿಸಬೇಕಾಗಿತ್ತು. ಮಗ ಎಲ್ಲಿಯೂ ಇಲ್ಲವೆನ್ನುವುದಕ್ಕಿಂತ ಇಲ್ಲಿ ಇದ್ದಾನೆಂದು ಹೇಳುವುದು ಕರುಣೆ. ಶಾಸನವನ್ನು ಓದುವವರಿಗೆ ಇಂಥ ಕರುಣೆಯ ಪರಿಚಯವಿರಬೇಕು. ಕಲ್ಲಿನ ಮೇಲೆ ಇರುವುದೆಲ್ಲವೂ ನಡೆದುದರ ವರದಿಯಲ್ಲ, ನಡೆಯಬೇಕಾಗಿದ್ದುದರ ಹಾರೈಕೆಯೂ ಅದರಲ್ಲಿ ಸೇರಿರಬಹುದು.

ಮಸ್ಟೊನೆನ್ ಮತ್ತು ಮನ್ ತಮ್ಮ ಊರುಗಳನ್ನು ಸೇರಿದ್ದಾರೆ. ಚಾಲಕ ಗ್ಯಾಂಬರನ ಮತ್ತು ವಿದ್ಯಾರ್ಥಿ ಮಾರ್ಟೆನ್ಸನ್‌ನ ದೇಹಗಳು ಆ ಎರಡರಂತೆ ಹೊರಬಂದಿಲ್ಲ. ಬೇಸಗೆಯಲ್ಲಿ ಮೆಂಡೆಲ್ಲಿನ ಮಂಜು ಹಿಂಜರಿದಾಗ, ಕಲ್ಲುಗಳ ನಡುವೆ ಅಲ್ಲಲ್ಲಿ ವಿಮಾನದ ಲೋಹದ ತುಣುಕುಗಳು ಹೊಳೆಯುತ್ತವೆ.